ಒಂಬತ್ತನೇ ಕ್ಲಾಸಿನ ಚತುರ್ಭುಜ: ಪಟ್ಟಿ ಬಾಯಿಪಾಠ ಬಿಟ್ಟು ಬೇರೆ ದಾರಿ ಉಂಟಾ?

ಕಾಪು_ಅಕ್ಕ

ಎಲ್ಲರಿಗೂ ನಮಸ್ಕಾರ. ಮಗಳು ಈ ವರ್ಷ ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಚತುರ್ಭುಜಗಳ ಪಾಠ ನಡೆಯುತ್ತಾ ಉಂಟು. ಟ್ಯೂಷನ್ನಿನಲ್ಲಿ ಒಂದು ದೊಡ್ಡ ಪಟ್ಟಿ ಬರೆಸಿದ್ದಾರೆ. ಎಡಗಡೆ ಸಮಾಂತರ ಚತುರ್ಭುಜ, ಆಯತ, ವಜ್ರಾಕೃತಿ, ವರ್ಗ, ತ್ರಾಪಿಜ್ಯ, ಗಾಳಿಪಟ. ಮೇಲೆ ಸಾಲಾಗಿ ಗುಣಗಳು: ಎದುರು ಬಾಹು ಸಮವಾ, ಎದುರು ಕೋನ ಸಮವಾ, ಕರ್ಣಗಳು (ಮೂಲೆಯಿಂದ ಎದುರು ಮೂಲೆಗೆ ಎಳೆದ ಗೆರೆಗಳು) ಅರ್ಧಿಸುತ್ತವಾ, ಲಂಬವಾ. ನಡುವೆ ಟಿಕ್ಕು, ಇಂಟು. ಇಷ್ಟನ್ನೂ ಬಾಯಿಪಾಠ ಮಾಡಬೇಕಂತೆ.

ಮಾಡಿದ್ದಾಳೆ ಪಾಪ. ನೋಡದೆ ಒಪ್ಪಿಸುತ್ತಾಳೆ. ಆದರೆ "ಕರ್ಣಗಳೆರಡೂ ಸಮ ಇದ್ದರೆ ಅದು ಆಯತವೇ ಆಗಬೇಕಾ?" ಅಂತ ತಿರುಗಿಸಿ ಕೇಳಿದರೆ ತಡವರಿಸುತ್ತಾಳೆ. ನಾನು ಓದಿದ್ದು ಕಾಮರ್ಸ್, ನನಗೂ ಖಾತ್ರಿ ಇಲ್ಲ.

ಇನ್ನೊಂದು ವಿಷಯ. ಮೊನ್ನೆಯ ಟೆಸ್ಟಿನಲ್ಲಿ "ಎಲ್ಲ ವರ್ಗಗಳೂ ಆಯತಗಳು: ಸರಿಯೋ ತಪ್ಪೋ" ಅಂತ ಇತ್ತು. ಇವಳು ಸರಿ ಅಂತ ಬರೆದಳು. ಅಂಕ ಕೊಡಲಿಲ್ಲ. ಆಯತ ಅಂದರೆ ಎರಡು ಉದ್ದ ಬಾಹು, ಎರಡು ಗಿಡ್ಡ ಬಾಹು ಇರಲೇಬೇಕು ಅಂತ ಹೇಳಿದರಂತೆ. ಯಾರು ಸರಿ? ಗೊತ್ತಿದ್ದವರು ಹೇಳಿ.

ಬ್ರಹ್ಮಾವರ_ಮೇಷ್ಟ್ರು

ಮೇಡಂ, ನಿಮ್ಮ ಮಗಳೇ ಸರಿ. ಪಠ್ಯಪುಸ್ತಕದಲ್ಲಿ ಆಯತಕ್ಕೆ ಕೊಟ್ಟ ವ್ಯಾಖ್ಯೆ ತೆಗೆದು ನೋಡಿ. ಒಂದು ಕೋನ ಲಂಬಕೋನವಾಗಿರುವ ಸಮಾಂತರ ಚತುರ್ಭುಜ, ಅಷ್ಟೇ. ಉದ್ದ ಅಗಲ ಬೇರೆ ಬೇರೆ ಇರಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ವರ್ಗಕ್ಕೆ ಈ ಗುಣ ಉಂಟು. ಹಾಗಾಗಿ ವರ್ಗವೂ ಆಯತ. ಪುಸ್ತಕ ತೋರಿಸಿ ನಯವಾಗಿ ಕೇಳಿದರೆ ಅಂಕ ಸಿಗಬಹುದು.

ಅಂಕ ಕಡಿದವರ ಪರವಾಗಿಯೂ ಒಂದು ಮಾತು ಹೇಳಬೇಕು. ಈ ಗೊಂದಲ ಬಹಳ ಹಳೆಯದು. ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡ್ ತನ್ನ 'ಎಲಿಮೆಂಟ್ಸ್'ನ ಮೊದಲ ಭಾಗದಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದ್ದಾನೆ. ಕೋನಗಳು ಲಂಬ, ಆದರೆ ಬಾಹುಗಳೆಲ್ಲ ಸಮ ಅಲ್ಲ. ಇದು ಅವನ ಆಯತ. ಅವನ ಲೆಕ್ಕದಲ್ಲಿ ವರ್ಗ ಆಯತ ಅಲ್ಲ. ಈಗಿನವರು ಆ ದಾರಿ ಬಿಟ್ಟದ್ದು ಅನುಕೂಲಕ್ಕಾಗಿ. ಆಯತದ ಕರ್ಣಗಳು ಸಮ ಅಂತ ಒಮ್ಮೆ ಸಾಧಿಸಿದರೆ ವರ್ಗಕ್ಕೆ ಮತ್ತೆ ಸಾಧಿಸುವ ಕೆಲಸ ಇಲ್ಲ. ಬೇರೆ ಬೇರೆ ಇಟ್ಟರೆ ಪ್ರತಿ ಪ್ರಮೇಯವನ್ನೂ ಎರಡೆರಡು ಸಲ ಬರೆಯಬೇಕು.

ಇನ್ನು ಆ ಪಟ್ಟಿ. ಅದನ್ನು ಸ್ವಲ್ಪ ದಿನ ಬದಿಗಿಡಿ. ಹಿಡಿಸೂಡಿಯಿಂದ ಮೂರು ಗಟ್ಟಿ ಕಡ್ಡಿ ಎಳೆದುಕೊಳ್ಳಿ. ಎರಡನ್ನು 10 ಸೆಂಟಿಮೀಟರಿಗೆ, ಒಂದನ್ನು 6 ಸೆಂಟಿಮೀಟರಿಗೆ ಕತ್ತರಿಸಿ. ಮೂರಕ್ಕೂ ನಡುಬಿಂದುವಿನಲ್ಲಿ ಪೆನ್ನಿನಿಂದ ಗುರುತು ಹಾಕಿ. ಇವು ಬಾಹುಗಳಲ್ಲ, ಕರ್ಣಗಳು. ಎರಡು ಕಡ್ಡಿಯನ್ನು ಕಾಗದದ ಮೇಲೆ ಅಡ್ಡಡ್ಡ ಇಟ್ಟು, ನಾಲ್ಕು ತುದಿಗೆ ಚುಕ್ಕೆ ಹಾಕಿ, ಚುಕ್ಕೆ ಸೇರಿಸಬೇಕು.

ಮೊದಲು ಉದ್ದದ್ದೊಂದು, ಗಿಡ್ಡದ್ದೊಂದು. ನಡುವಿನ ಗುರುತುಗಳನ್ನು ಒಂದರ ಮೇಲೊಂದು ಕೂರಿಸಿ ಓರೆಯಾಗಿ ಇಡಿ. ಸಮಾಂತರ ಚತುರ್ಭುಜ ಬರುತ್ತದೆ. ಎಷ್ಟು ತಿರುಗಿಸಿದರೂ ಅದೇ. ಅದೇ ಜೋಡಿಯನ್ನು ಲಂಬವಾಗಿ ಇಟ್ಟರೆ ವಜ್ರಾಕೃತಿ. ಈಗ ಗಿಡ್ಡ ಕಡ್ಡಿ ತೆಗೆದು ಸಮ ಉದ್ದದ ಎರಡನ್ನು ಹಿಡಿಯಿರಿ. ನಡು ಸೇರಿಸಿ ಓರೆ ಇಟ್ಟರೆ ಆಯತ, ಲಂಬ ಇಟ್ಟರೆ ವರ್ಗ.

ನಡು ಸೇರದಿದ್ದರೆ? ಆ ಎರಡು 10ರ ಕಡ್ಡಿಗಳನ್ನೇ ತುದಿಯಿಂದ 3 ಸೆಂಟಿಮೀಟರಿನಲ್ಲಿ ಒಂದಕ್ಕೊಂದು ಅಡ್ಡ ಹಾಕಿ. ಸಮದ್ವಿಬಾಹು ತ್ರಾಪಿಜ್ಯ ಬರುತ್ತದೆ, ಅಂದರೆ ಒಂದು ಜೋಡಿ ಎದುರು ಬಾಹು ಸಮಾಂತರ, ಬಾಕಿ ಎರಡು ಬಾಹು ಸಮ. ಕರ್ಣಗಳು ಸಮ, ಆಯತ ಮಾತ್ರ ಅಲ್ಲ. ನೀವು ಮಗಳಿಗೆ ಕೇಳಿದ ಪ್ರಶ್ನೆಗೆ ಇದೇ ಉತ್ತರ.

ಮೂರೇ ಪ್ರಶ್ನೆ: ಕರ್ಣಗಳು ಒಂದನ್ನೊಂದು ಅರ್ಧಿಸುತ್ತವಾ? ಸಮ ಇವೆಯಾ? ಲಂಬವಾಗಿವೆಯಾ? ಪಟ್ಟಿಯ ಮುಕ್ಕಾಲು ಭಾಗ ಇದರಲ್ಲೇ ಬಂತು.

ಕಾಪು_ಅಕ್ಕ

ಸರ್, ತುಂಬಾ ಥ್ಯಾಂಕ್ಸ್. ಕಡ್ಡಿ ಎಳೆಯಲಿಕ್ಕೆ ಮಗಳು ಈಗಲೇ ಓಡಿದ್ದಾಳೆ. ಅತ್ತೆಯ ಹಿಡಿಸೂಡಿ, ಬೈಗುಳ ನನಗೆ.

ಎರಡಂಕ

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಬೇಡಿ. ಇದೆಲ್ಲ ಚೆಂದ ಉಂಟು. ಆದರೆ ಪರೀಕ್ಷೆಯಲ್ಲಿ ಕಡ್ಡಿ ಕೇಳುವುದಿಲ್ಲ. "ವಜ್ರಾಕೃತಿಯ ಎರಡು ಗುಣ ಬರೆಯಿರಿ", ಎರಡು ಅಂಕ. ಪಟ್ಟಿ ಬಾಯಿಪಾಠ ಇದ್ದವನು ಅರ್ಧ ನಿಮಿಷದಲ್ಲಿ ಬರೆದು ಮುಂದೆ ಹೋಗುತ್ತಾನೆ. ನನ್ನ ಮಗ ಹಾಗೆಯೇ ಎಸ್‌ಎಸ್‌ಎಲ್‌ಸಿ ಪಾಸಾದದ್ದು. ಸುಮ್ನೆ ಮಕ್ಕಳಿಗೆ ಜಾಸ್ತಿ ತಲೆಬಿಸಿ ಯಾಕೆ?

ಬ್ರಹ್ಮಾವರ_ಮೇಷ್ಟ್ರು

ಪಟ್ಟಿ ಬೇಡ ಅಂತ ನಾನು ಹೇಳಲಿಲ್ಲ ಮಾರಾಯ್ರೆ. ಬದಿಗಿಡಿ ಅಂದೆ. ಪಟ್ಟಿಯ ತೊಂದರೆ ಏನೆಂದರೆ ಅದು ಒಂದೇ ದಿಕ್ಕಿನಲ್ಲಿ ಓಡುತ್ತದೆ. ವಜ್ರಾಕೃತಿ ಆದರೆ ಕರ್ಣಗಳು ಲಂಬ ಅಂತ ಹೇಳುತ್ತದೆ. ಕರ್ಣಗಳು ಲಂಬವಾದರೆ ವಜ್ರಾಕೃತಿಯಾ ಅಂತ ಕೇಳಿದರೆ ಪಟ್ಟಿಯಲ್ಲಿ ಉತ್ತರ ಇಲ್ಲ. ಒಂಬತ್ತನೇ ಕ್ಲಾಸಿನ ಪ್ರಮೇಯಗಳಲ್ಲಿ ಅರ್ಧದಷ್ಟು ಹಿಂದುಮುಂದಾದ ಪ್ರಮೇಯಗಳೇ. ಎದುರು ಬಾಹು ಸಮ ಅಂತ ಒಂದು ಪ್ರಮೇಯ, ಎದುರು ಬಾಹು ಸಮವಾದರೆ ಸಮಾಂತರ ಚತುರ್ಭುಜ ಅಂತ ಮುಂದಿನದು. ಎರಡೂ ಒಂದೇ ಅಂತ ಮಕ್ಕಳು ತಿಳಿಯುತ್ತಾರೆ. ಅಲ್ಲಿ ಮೂರು, ನಾಲ್ಕು ಅಂಕ ಹೋಗುತ್ತದೆ, ಎರಡಲ್ಲ.

ಕೆಂಪುಕಲ್ಲು

ನಾನು ಕಾರ್ಕಳದ ಕಡೆ ಮನೆ ಕಟ್ಟಿಸುವ ಕಂಟ್ರಾಕ್ಟರ್. ಪರೀಕ್ಷೆಯಲ್ಲಿ ಬರುತ್ತದೋ ಇಲ್ಲವೋ ಗೊತ್ತಿಲ್ಲ, ಪಾಯ ಹಾಕುವಾಗ ಈ ಪಾಠ ಬರದಿದ್ದರೆ ಕಥೆ ಮುಗಿಯಿತು.

ಮೇಸ್ತ್ರಿ ನಾಲ್ಕು ಗೂಟ ಹೊಡೆದು ದಾರ ಕಟ್ಟುತ್ತಾನೆ. 30 ಅಡಿ, 40 ಅಡಿ. ಎದುರು ಬದುರು ಅಳತೆ ಸರಿ ಇರುತ್ತದೆ. ಹೊಸ ಇಂಜಿನಿಯರ್ ಹುಡುಗರು ಅಷ್ಟಕ್ಕೇ ಆಯ್ತು ಅನ್ನುತ್ತಾರೆ. ಮೇಸ್ತ್ರಿ ಬಿಡುವುದಿಲ್ಲ. ಟೇಪು ತೆಗೆದು ಮೂಲೆಯಿಂದ ಮೂಲೆಗೆ ಹಿಡಿಯುತ್ತಾನೆ. ಎರಡೂ ಕಡೆ 50 ಅಡಿ ಬರಬೇಕು. ಒಂದು 50 ಅಡಿ 4 ಇಂಚು, ಇನ್ನೊಂದು 49 ಅಡಿ 8 ಇಂಚು ಬಂದರೆ ಗೂಟ ಕಿತ್ತು ಮತ್ತೆ ಹೊಡೆಯಬೇಕು. ನಾಲ್ಕು ಬಾಹು ಸರಿ ಇದ್ದೂ ಚೌಕಟ್ಟು ಓರೆಯಾಗಿರುತ್ತದೆ. ಹಾಗೆಯೇ ಗೋಡೆ ಎಬ್ಬಿಸಿದರೆ ನೆಲಕ್ಕೆ ಟೈಲ್ಸ್ ಹಾಕುವಾಗ ಗೊತ್ತಾಗುತ್ತದೆ. ಒಂದು ಗೋಡೆಯ ಉದ್ದಕ್ಕೂ ಸಣ್ಣ ಸಣ್ಣ ತ್ರಿಕೋನದ ತುಂಡು ಕತ್ತರಿಸಬೇಕಾಗುತ್ತದೆ. ಮನೆಯವರು ಬೈಯುವುದು ಟೈಲ್ಸಿನವನಿಗೆ. ತಪ್ಪು ಪಾಯದಲ್ಲಿ ಇರುತ್ತದೆ.

ಮೇಷ್ಟ್ರೇ, ಒಂದು ಕೇಳಬೇಕಿತ್ತು. ಎದುರು ಬಾಹು ಸಮ, ಕರ್ಣ ಸಮ. ಅಷ್ಟಕ್ಕೆ ಮೂಲೆ 90 ಬಂದೇ ಬರುತ್ತದೆ ಅಂತ ಹೇಗೆ? ಇಷ್ಟು ವರ್ಷ ಅಳೆದಿದ್ದೇನೆ, ಕಾರಣ ಯಾರಲ್ಲೂ ಕೇಳಿಲ್ಲ.

ಬ್ರಹ್ಮಾವರ_ಮೇಷ್ಟ್ರು

ಒಳ್ಳೆ ಪ್ರಶ್ನೆ. ಮೂಲೆಗಳಿಗೆ ಎ, ಬಿ, ಸಿ, ಡಿ ಅಂತ ಹೆಸರಿಡಿ. ಎದುರು ಬಾಹುಗಳು ಸಮ, ಹಾಗಾಗಿ ಇದು ಸಮಾಂತರ ಚತುರ್ಭುಜ. ಈಗ ಎಬಿಸಿ ಮತ್ತು ಡಿಸಿಬಿ ಎರಡು ತ್ರಿಭುಜ ನೋಡಿ. ಎಬಿಗೆ ಡಿಸಿ ಸಮ. ಬಿಸಿ ಎರಡಕ್ಕೂ ಸೇರಿದ ಬಾಹು. ಎಸಿ ಮತ್ತು ಡಿಬಿ ಕರ್ಣಗಳು, ನಿಮ್ಮ ಟೇಪಿನಲ್ಲಿ ಅವೂ ಸಮ. ಬಾಬಾಬಾ (ಬಾಹು-ಬಾಹು-ಬಾಹು) ನಿಯಮದಿಂದ ಎರಡೂ ಸರ್ವಸಮ. ಅಂದರೆ ಬಿಯ ಕೋನ, ಸಿಯ ಕೋನ ಒಂದೇ ಅಳತೆ. ಎಬಿ ಮತ್ತು ಡಿಸಿ ಸಮಾಂತರ, ಬಿಸಿ ಛೇದಕ. ಆದ್ದರಿಂದ ಆ ಎರಡು ಕೋನ ಕೂಡಿಸಿದರೆ 180 ಆಗಬೇಕು. ಎರಡೂ ಸಮ, ಮೊತ್ತ 180. ಒಂದೊಂದು 90.

ನಿಮ್ಮ ಮೇಸ್ತ್ರಿ ಮೊದಲು ಬಾಹು, ಆಮೇಲೆ ಕರ್ಣ ನೋಡುತ್ತಾನಲ್ಲ, ಅದೂ ಸರಿಯಾದ ಕ್ರಮವೇ. ಬಾಹು ನೋಡದೆ ಕರ್ಣ ಮಾತ್ರ ಸಮ ಅಂತ ಒಪ್ಪಿಕೊಂಡರೆ ಮೊನ್ನೆ ಹೇಳಿದ ತ್ರಾಪಿಜ್ಯ ಬಂದು ಕೂರಬಹುದು.

ಸುರತ್ಕಲ್_ಹಾಸ್ಟೆಲ್

ಕೆಂಪುಕಲ್ಲು ಅಣ್ಣ, ನಿಮ್ಮ ಲೆಕ್ಕಕ್ಕೆ ಇನ್ನೊಂದು ಸೇರಿಸುತ್ತೇನೆ. 40ಕ್ಕೆ 60 ಅಡಿಯ ಪಾಯ ಅಂತ ಇಟ್ಟುಕೊಳ್ಳಿ. ಕರ್ಣ ಸುಮಾರು 72.1 ಅಡಿ ಬರಬೇಕು. ಎರಡು ಕರ್ಣಗಳ ನಡುವೆ ಒಂದೇ ಒಂದು ಅಡಿ ವ್ಯತ್ಯಾಸ ಬಂತು ಅಂತಾದರೆ ಮೂಲೆ 90ರ ಬದಲು ಸುಮಾರು 89 ಡಿಗ್ರಿ. ಕೇಳುವಾಗ ಏನೂ ಅಲ್ಲ. ಆದರೆ 40 ಅಡಿ ಹೋಗುವಷ್ಟರಲ್ಲಿ ಗೋಡೆ 7 ಇಂಚು ಸರಿದಿರುತ್ತದೆ.

ಮತ್ತೆ, ಚೌಕಟ್ಟನ್ನು ಎಷ್ಟೇ ಓರೆ ಮಾಡಿ, ಎರಡು ಕರ್ಣಗಳ ವರ್ಗದ ಮೊತ್ತ ಬದಲಾಗುವುದಿಲ್ಲ. ನಾಲ್ಕು ಬಾಹುಗಳ ವರ್ಗದ ಮೊತ್ತ ಎಷ್ಟೋ ಅಷ್ಟೇ. 40-60ರಲ್ಲಿ ಅದು ಯಾವಾಗಲೂ 10,400. ಒಂದು ಕರ್ಣ ಎಳೆದಷ್ಟೂ ಇನ್ನೊಂದು ಕುಗ್ಗುತ್ತದೆ.

ಹಂಪನಕಟ್ಟೆ_ಅಂಗಡಿ

ಇದು ನನ್ನ ಅಂಗಡಿಯ ಎಳೆಯುವ ಗೇಟಿಗೂ ಅನ್ವಯ ಆಗುತ್ತದಾ? ದಿನಾ ಬೆಳಿಗ್ಗೆ ಎಳೆಯುವಾಗ ನೋಡುತ್ತೇನೆ. ಗೇಟು ಮಡಚಿದ ಹಾಗೆ ಆ ವಜ್ರಗಳು ಸಪೂರ ಆಗಿ ಉದ್ದ ಆಗುತ್ತವೆ.

ಸುರತ್ಕಲ್_ಹಾಸ್ಟೆಲ್

ಹೌದು, ಅದೇ. ಪಟ್ಟಿಗಳ ಉದ್ದ ಬದಲಾಗುವುದಿಲ್ಲ, ಹಾಗಾಗಿ ಅದು ಯಾವಾಗಲೂ ವಜ್ರಾಕೃತಿ. ಕರ್ಣಗಳು ಯಾವಾಗಲೂ ಲಂಬ. ಕೋನ ಮಾತ್ರ ಬದಲಾಗುತ್ತದೆ. ಪಟ್ಟಿ 6 ಇಂಚಿನದ್ದಾದರೆ ಅಗಲದ ವರ್ಗ, ಎತ್ತರದ ವರ್ಗ ಕೂಡಿಸಿದರೆ 144. ಕಾರಿನ ಕತ್ತರಿ ಜಾಕಿ ಕೂಡ ಇದೇ ವಜ್ರಾಕೃತಿ. ಅಡ್ಡ ಕರ್ಣವನ್ನು ಸ್ಕ್ರೂ ತಿರುಗಿಸಿ ಗಿಡ್ಡ ಮಾಡಿದರೆ ನಿಂತ ಕರ್ಣ ಮೇಲೇಳುತ್ತದೆ.

ಹಾಗೆಯೇ, ನಾಲ್ಕು ಪಟ್ಟಿ ಮೊಳೆ ಹೊಡೆದ ಚೌಕಟ್ಟು ಯಾಕೆ ಅಲುಗಾಡುತ್ತದೆ ಅನ್ನುವುದಕ್ಕೂ ಇದೇ ಕಾರಣ. ಬಾಹುಗಳು ಗೊತ್ತಾದರೆ ತ್ರಿಭುಜ ನಿಶ್ಚಯ ಆಗುತ್ತದೆ, ಚತುರ್ಭುಜ ಆಗುವುದಿಲ್ಲ. ಅದಕ್ಕೇ ಹಲಗೆಯ ಗೇಟಿಗೆ ಆಚಾರಿ ಮೂಲೆಯಿಂದ ಮೂಲೆಗೆ ಒಂದು ಓರೆ ಪಟ್ಟಿ ಹೊಡೆಯುವುದು.

ಪಣಂಬೂರು_ಗಾಳಿ

ನನ್ನದೊಂದು ತಮಾಷೆ ಪ್ರಶ್ನೆ. ನಮ್ಮ ಮಂಗಳೂರಿನ ಬೀಚಿನಲ್ಲಿ ಗಾಳಿಪಟ ಉತ್ಸವ ಆಗುತ್ತದಲ್ಲ. ಅಲ್ಲಿ ಪುಸ್ತಕದ ಗಾಳಿಪಟ ಹುಡುಕಿದರೆ ಸಿಗುವುದು ಕಡಿಮೆ. ಮೀನು, ಡ್ರ್ಯಾಗನ್, ಯಕ್ಷಗಾನದ ವೇಷ ಎಲ್ಲ ಹಾರುತ್ತವೆ. ಮಕ್ಕಳು ಕಟ್ಟುವ ಸಣ್ಣ ಪಟ ಚೌಕ ಕಾಗದದ್ದು. ಹಾಗಾದರೆ ಗಣಿತದ ಪ್ರಕಾರ ನಮ್ಮ ಗಾಳಿಪಟ ಗಾಳಿಪಟವೇ ಅಲ್ಲವಾ?

ಬ್ರಹ್ಮಾವರ_ಮೇಷ್ಟ್ರು

ಮೀನಿಗೆ ನಾನು ಜವಾಬ್ದಾರಿ ಅಲ್ಲ. ಚೌಕ ಪಟ ಮಾತ್ರ ಗಾಳಿಪಟವೇ. ಅಕ್ಕಪಕ್ಕದ ಬಾಹುಗಳು ಎರಡು ಜೋಡಿಯಾಗಿ ಸಮ ಇದ್ದರೆ ಆಯ್ತು. ನಾಲ್ಕೂ ಸಮ ಇದ್ದರೆ ಎರಡು ಜೋಡಿ ಖಂಡಿತ ಸಮ.

ಎರಡಂಕ

ಈಗ ಸಿಕ್ಕಿಬಿದ್ದಿರಿ ಮೇಷ್ಟ್ರೇ. ವರ್ಗ ಆಯತವೂ ಹೌದು, ವಜ್ರಾಕೃತಿಯೂ ಹೌದು, ಗಾಳಿಪಟವೂ ಹೌದು. ಇನ್ನು ಸಮಾಂತರ ಚತುರ್ಭುಜ ತ್ರಾಪಿಜ್ಯ ಅಂತ ಹೇಳಿಬಿಡಿ, ಮುಗಿಯಿತು. ತ್ರಾಪಿಜ್ಯ ಅಂದರೆ ಒಂದೇ ಜೋಡಿ ಸಮಾಂತರ ಅಂತ ನಮಗೆ ಕಲಿಸಿದ್ದು.

ಬ್ರಹ್ಮಾವರ_ಮೇಷ್ಟ್ರು

ಹೇಳಿಯೇ ಬಿಡುತ್ತೇನೆ. ಎನ್‌ಸಿಇಆರ್‌ಟಿಯ ಹಳೆಯ ಎಂಟನೇ ತರಗತಿ ಪುಸ್ತಕದ ಸರಿ-ತಪ್ಪು ಪ್ರಶ್ನೆಗಳಲ್ಲಿ "ಎಲ್ಲ ಸಮಾಂತರ ಚತುರ್ಭುಜಗಳೂ ತ್ರಾಪಿಜ್ಯಗಳು" ಅಂತ ಒಂದು ಉಂಟು. ಉತ್ತರ ಸರಿ. ಒಂಬತ್ತನೇ ತರಗತಿ ಪುಸ್ತಕದಲ್ಲೂ ಅದನ್ನೇ ಹೇಳಿದ್ದರು. "ಎಲ್ಲ ವಜ್ರಾಕೃತಿಗಳೂ ಗಾಳಿಪಟಗಳು", ಅದೂ ಸರಿ.

ನಿಮಗೆ ಕಲಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. "ಒಂದೇ ಜೋಡಿ" ಅಂತ ಹಿಡಿಯುವವರು ಈಗಲೂ ಇದ್ದಾರೆ. "ಕನಿಷ್ಠ ಒಂದು ಜೋಡಿ" ಅನ್ನುವವರೂ ಇದ್ದಾರೆ. ತ್ರಾಪಿಜ್ಯದ ವಿಸ್ತೀರ್ಣದ ಸೂತ್ರ ಸಮಾಂತರ ಚತುರ್ಭುಜಕ್ಕೆ ಹಾಕಿ ನೋಡಿ, ಸರಿಯಾಗಿಯೇ ಬರುತ್ತದೆ. ನನಗೆ ಎರಡನೆಯದೇ ಇಷ್ಟ. ಮಕ್ಕಳಿಗೆ ಮಾತ್ರ ಒಂದು ಮಾತು: ಪರೀಕ್ಷೆಗೆ ನಿಮ್ಮ ಪುಸ್ತಕದಲ್ಲಿ ಹೇಗೆ ಉಂಟೋ ಹಾಗೆ. ಬಾಕಿ ಜಗಳ ನಮಗೆ ಬಿಡಿ.

ಎರಡಂಕ

ಸಮದ್ವಿಬಾಹು ತ್ರಾಪಿಜ್ಯದ ಕರ್ಣಗಳು ಸಮ. ಸಮಾಂತರ ಚತುರ್ಭುಜವೂ ತ್ರಾಪಿಜ್ಯ, ಅದರಲ್ಲಿ ಸಮಾಂತರ ಅಲ್ಲದ್ದು ಅಂತ ಎಣಿಸುವ ಬಾಹುಗಳೂ ಸಮ. ಹಾಗಾದರೆ ಅದರ ಕರ್ಣಗಳೂ ಸಮ ಆಗಬೇಕಲ್ಲ? ಆಗುವುದಿಲ್ಲ.

ಬ್ರಹ್ಮಾವರ_ಮೇಷ್ಟ್ರು

ಭಲೇ. ನೀವು ಸುಮ್ನೆ ಎರಡಂಕ ಅಂತ ಹೆಸರಿಟ್ಟುಕೊಂಡಿದ್ದೀರಿ. ಇದು ನಿಜವಾದ ತೊಡಕು. ಎರಡನೇ ಪಂಗಡದವರು ಸಮದ್ವಿಬಾಹು ತ್ರಾಪಿಜ್ಯವನ್ನು ಬಾಹುಗಳಿಂದ ಹೇಳದೆ ಕೋನಗಳಿಂದ ಹೇಳುತ್ತಾರೆ: ಒಂದು ಸಮಾಂತರ ಬಾಹುವಿನ ಎರಡು ತುದಿಯ ಕೋನಗಳು ಸಮ. ಆಗ ಓರೆ ಸಮಾಂತರ ಚತುರ್ಭುಜ ಹೊರಗೆ ಹೋಗುತ್ತದೆ, ಆಯತ ಒಳಗೆ ಉಳಿಯುತ್ತದೆ. ಕರ್ಣಗಳೂ ಸರಿ ಬರುತ್ತವೆ.

ತೆಂಗಿನಕಟ್ಟೆ

ನಡುವೆ ಬಂದದ್ದಕ್ಕೆ ಕ್ಷಮಿಸಿ, ನನ್ನದು ಪಾಠದ ಪ್ರಶ್ನೆ ಅಲ್ಲ, ಜಾಗದ ಪ್ರಶ್ನೆ. ಬಜ್ಪೆ ಹತ್ತಿರ ಒಂದು ಜಾಗ ನೋಡಿದ್ದೇನೆ. ನಾಲ್ಕು ಬದಿ: 40, 60, 40, 60 ಅಡಿ. ಬ್ರೋಕರ್ "ಐದೂವರೆ ಸೆಂಟ್ಸ್ ಉಂಟು" ಅನ್ನುತ್ತಾನೆ. ನೋಡಲಿಕ್ಕೆ ಸ್ವಲ್ಪ ಓರೆ ಕಾಣುತ್ತದೆ. ನಾಲ್ಕು ಬದಿಯ ಅಳತೆ ಸರಿ ಇದ್ದರೆ ವಿಸ್ತೀರ್ಣ ಸರಿಯೇ ಅಲ್ವಾ?

ಕೆಂಪುಕಲ್ಲು

ಅಲ್ಲ. ಮೇಲೆ ಇಷ್ಟು ಹೊತ್ತು ಅದನ್ನೇ ಮಾತಾಡಿದ್ದು ಮಾರಾಯ್ರೆ. ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆಯಿರಿ.

ಸುರತ್ಕಲ್_ಹಾಸ್ಟೆಲ್

ಸಂಖ್ಯೆ ಹಾಕಿ ತೋರಿಸುತ್ತೇನೆ. ಒಂದು ಸೆಂಟ್ಸ್ ಅಂದರೆ 435.6 ಚದರಡಿ. ಮೂಲೆ 90 ಆದರೆ 2400 ಚದರಡಿ, 5.51 ಸೆಂಟ್ಸ್. ಬ್ರೋಕರ್ ಹೇಳುವುದು ಇದು. ಮೂಲೆ 60 ಡಿಗ್ರಿ ಅಂತಾದರೆ ಅದೇ ನಾಲ್ಕು ಬದಿಯಲ್ಲಿ 2078 ಚದರಡಿ, 4.77 ಸೆಂಟ್ಸ್. ಮುಕ್ಕಾಲು ಸೆಂಟ್ಸ್ ಹತ್ತಿರ ಗಾಳಿಯಲ್ಲಿ ಹೋಯಿತು. ನಿಮ್ಮ ಜಾಗ ಅಷ್ಟು ಓರೆ ಇರಲಿಕ್ಕಿಲ್ಲ, ಆದರೂ ನೋಡಿ.

ಪರೀಕ್ಷೆ ಸುಲಭ. ಕರ್ಣಗಳು ಎರಡೂ 72 ಅಡಿ ಆಸುಪಾಸು ಬಂದರೆ ಆಯತ. 60 ಡಿಗ್ರಿ ಆದರೆ ಒಂದು ಸುಮಾರು 53 ಅಡಿ, ಇನ್ನೊಂದು 87 ಅಡಿ ಬರುತ್ತದೆ. ಒಂದು ಕರ್ಣ ಸಿಕ್ಕಿದರೆ ಜಾಗ ಎರಡು ತ್ರಿಭುಜ ಆಯಿತು. ಮೂರು ಬಾಹು ಗೊತ್ತಿರುವ ತ್ರಿಭುಜಕ್ಕೆ ಹೆರಾನ್ ಸೂತ್ರ ಹಾಕಿ, ಎರಡನ್ನೂ ಕೂಡಿಸಿ.

ಬ್ರಹ್ಮಾವರ_ಮೇಷ್ಟ್ರು

ಈ ಬ್ರೋಕರ್ ಲೆಕ್ಕಕ್ಕೆ ಸಾವಿರ ವರ್ಷಕ್ಕಿಂತ ಹೆಚ್ಚಿನ ಇತಿಹಾಸ ಉಂಟು. ಬ್ರಹ್ಮಗುಪ್ತ 628ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತ ಬರೆದ. ಅದರಲ್ಲಿ ಚತುರ್ಭುಜದ ವಿಸ್ತೀರ್ಣಕ್ಕೆ ಎರಡು ದಾರಿ ಹೇಳಿದ್ದಾನೆ. ಒಂದು ಸ್ಥೂಲ: ಎದುರು ಬದುರು ಬಾಹುಗಳ ಸರಾಸರಿ ತೆಗೆದು ಗುಣಿಸುವುದು. ಇದು ಅಂದಾಜು ಅಂತ ಅವನಿಗೆ ಗೊತ್ತಿತ್ತು. ಈ ಲೆಕ್ಕ ಯಾವಾಗಲೂ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ, ಆಯತದಲ್ಲಿ ಮಾತ್ರ ಸರಿ. ಮಾರುವವನಿಗೆ ಲಾಭ. ಇನ್ನೊಂದು ಸೂಕ್ಷ್ಮ: ನಾಲ್ಕು ಬಾಹುಗಳ ಮೊತ್ತದ ಅರ್ಧ ತೆಗೆದು, ಅದರಿಂದ ಒಂದೊಂದೇ ಬಾಹು ಕಳೆದು, ನಾಲ್ಕು ಉತ್ತರವನ್ನೂ ಗುಣಿಸಿ ವರ್ಗಮೂಲ ತೆಗೆಯುವುದು. ಆದರೆ ಇದು ಸರಿ ಬರುವುದು ನಾಲ್ಕೂ ಮೂಲೆ ಒಂದೇ ವೃತ್ತದ ಮೇಲೆ ಇರುವ ಚಕ್ರೀಯ ಚತುರ್ಭುಜಕ್ಕೆ ಮಾತ್ರ.

ಆಮೇಲೆ 1150ರ ಹೊತ್ತಿಗೆ ಎರಡನೇ ಭಾಸ್ಕರ ಲೀಲಾವತಿಯಲ್ಲಿ ಈ ವಿಷಯಕ್ಕೆ ಸಿಟ್ಟಾಗಿದ್ದಾನೆ. ಕರ್ಣವನ್ನೋ ಲಂಬವನ್ನೋ ಹೇಳದೆ ಚತುರ್ಭುಜದ ವಿಸ್ತೀರ್ಣ ಕೇಳುವವನು ಪಿಶಾಚಿ, ಉತ್ತರ ಹೇಳುವವನು ಅವನಿಗಿಂತ ದೊಡ್ಡ ಪಿಶಾಚಿ ಅನ್ನುವ ಅರ್ಥದಲ್ಲಿ ಬೈದಿದ್ದಾನೆ. ನಾಲ್ಕು ಬಾಹು ಕೊಟ್ಟ ಮಾತ್ರಕ್ಕೆ ಆಕೃತಿ ನಿಶ್ಚಯ ಆಗುವುದಿಲ್ಲ ಅನ್ನುವುದು ಅವನ ತಕರಾರು. ತೆಂಗಿನಕಟ್ಟೆಯವರೇ, ಬ್ರೋಕರಿಗೆ ಇದನ್ನು ಹೇಳಬೇಡಿ, ಟೇಪು ಮಾತ್ರ ತೆಗೆದುಕೊಂಡು ಹೋಗಿ. ಖರೀದಿ ಗಟ್ಟಿ ಆದರೆ ಸರ್ವೆಯವರ ನಕ್ಷೆಯೂ ಬೇಕು.

ತೆಂಗಿನಕಟ್ಟೆ

ಅಳೆದೆ. 69 ಅಡಿ ಮತ್ತು 75 ಅಡಿ.

ಸುರತ್ಕಲ್_ಹಾಸ್ಟೆಲ್

69ರ ವರ್ಗ 4761, 75ರ ವರ್ಗ 5625. ಮೊತ್ತ 10,386. 10,400ಕ್ಕೆ ಹತ್ತಿರ ಉಂಟು, ಅಂದರೆ ಟೇಪು ಸರಿಯಾಗಿಯೇ ಹಿಡಿದಿದ್ದೀರಿ. ಮೂಲೆ ಸುಮಾರು 85 ಡಿಗ್ರಿ. ವಿಸ್ತೀರ್ಣ 2390 ಚದರಡಿ ಆಸುಪಾಸು, 5.49 ಸೆಂಟ್ಸ್. ಬ್ರೋಕರ್ ಹೇಳಿದ್ದು ಹೆಚ್ಚುಕಡಿಮೆ ಸರಿ. ಐದು ಡಿಗ್ರಿ ಓರೆಯಿಂದ ವಿಸ್ತೀರ್ಣ ಜಾಸ್ತಿ ಹೋಗುವುದಿಲ್ಲ. ಚೌಕ ಮನೆ ಕೂರಿಸುವಾಗ ಮಾತ್ರ ತೊಂದರೆ ಆಗುತ್ತದೆ.

ಕೆಂಪುಕಲ್ಲು

ಮನೆ ಕಟ್ಟುವಾಗ ಹೇಳಿ. ಕಾರ್ಕಳದಿಂದ ಬಜ್ಪೆ ದೂರ ಏನಲ್ಲ.

ಕಾಪು_ಅಕ್ಕ

ನನ್ನ ಪ್ರಶ್ನೆ ಎಲ್ಲಿಂದ ಎಲ್ಲಿಗೋ ಹೋಯಿತು, ಒಳ್ಳೆಯದೇ ಆಯ್ತು. ಮಗಳು ಕಡ್ಡಿಗಳಲ್ಲಿ ಎಲ್ಲ ಮಾಡಿ ನೋಡಿದಳು. "ಕರ್ಣಗಳು ಸಮ, ಲಂಬ ಕೂಡ. ಹಾಗಾದರೆ ವರ್ಗ ಆಗಲೇಬೇಕಾ?" ಅಂತ ತಾನೇ ಕೇಳಿಕೊಂಡು, ನಡು ತಪ್ಪಿಸಿ ಇಟ್ಟು, ಆಗುವುದಿಲ್ಲ ಅಂತ ತೋರಿಸಿದಳು. ಈಗ ಮಧ್ಯಬಿಂದು ಪ್ರಮೇಯಕ್ಕೆ ಬಂದಿದ್ದಾಳೆ. ಯಾವುದೇ ಚತುರ್ಭುಜದ ನಾಲ್ಕು ಬಾಹುಗಳ ನಡುಬಿಂದು ಸೇರಿಸಿದರೆ ಸಮಾಂತರ ಚತುರ್ಭುಜ ಬರುತ್ತದೆ ಅಂತ ಲೆಕ್ಕ ಉಂಟು. ಎಷ್ಟು ವಕ್ರ ಎಳೆದರೂ ಬರುತ್ತದೆ, ನಂಬಲಿಕ್ಕೇ ಆಗುವುದಿಲ್ಲ ಅನ್ನುತ್ತಾಳೆ.

ಬ್ರಹ್ಮಾವರ_ಮೇಷ್ಟ್ರು

ಅದು ಫ್ರೆಂಚ್ ಗಣಿತಜ್ಞ ವಾರಿನ್ಯೋನ್ ಹೆಸರಿನಲ್ಲಿ ಪ್ರಸಿದ್ಧ. ಅವನು ತೀರಿಕೊಂಡ ಮೇಲೆ 1731ರಲ್ಲಿ ಅಚ್ಚಾಯಿತು. ಒಂದು ಕರ್ಣ ಎಳೆಯಲಿ. ಚತುರ್ಭುಜ ಎರಡು ತ್ರಿಭುಜ ಆಗುತ್ತದೆ. ಪ್ರತಿ ತ್ರಿಭುಜದಲ್ಲೂ ಎರಡು ಬಾಹುಗಳ ನಡುಬಿಂದು ಸೇರಿಸಿದ ರೇಖೆ ಆ ಕರ್ಣಕ್ಕೆ ಸಮಾಂತರ, ಅದರ ಅರ್ಧದಷ್ಟು. ಎರಡು ತ್ರಿಭುಜದಲ್ಲಿ ಎರಡು ರೇಖೆ. ಎರಡೂ ಒಂದೇ ಕರ್ಣಕ್ಕೆ ಸಮಾಂತರ, ಎರಡೂ ಅದರ ಅರ್ಧ. ಒಂದು ಜೋಡಿ ಎದುರು ಬಾಹು ಸಮ ಮತ್ತು ಸಮಾಂತರ ಆಯಿತಲ್ಲ, ಅಷ್ಟು ಸಾಕು.

ಮತ್ತೆ ಕರ್ಣಕ್ಕೇ ಬಂದೆವು ನೋಡಿ. ಹೊರಗಿನ ಚತುರ್ಭುಜದ ಕರ್ಣಗಳು ಸಮ ಇದ್ದರೆ ಒಳಗಿನದು ವಜ್ರಾಕೃತಿ. ಲಂಬ ಇದ್ದರೆ ಒಳಗಿನದು ಆಯತ. ಅಂದರೆ ಆಯತದ ಒಳಗೆ ವಜ್ರಾಕೃತಿ, ವಜ್ರಾಕೃತಿಯ ಒಳಗೆ ಆಯತ. ಒಳಗಿನದರ ವಿಸ್ತೀರ್ಣ ಹೊರಗಿನದರ ಅರ್ಧ. ಮೊಬೈಲಿನಲ್ಲಿ ಜಿಯೋಜೀಬ್ರಾ ಅನ್ನುವ ಗಣಿತದ ಆ್ಯಪ್ ಹಾಕಿಕೊಂಡು ಮೂಲೆ ಹಿಡಿದು ಎಳೆದರೆ ಕಣ್ಣೆದುರೇ ಬದಲಾಗುತ್ತದೆ. ಮೊದಲು ಕಾಗದದಲ್ಲಿ ಆಗಲಿ, ಆಮೇಲೆ ಮೊಬೈಲು.

ಸುರತ್ಕಲ್_ಹಾಸ್ಟೆಲ್

ಅಕ್ಕ, ಮಗಳಿಗೆ ನನ್ನ ಕಡೆಯಿಂದ ಒಂದು. ಒಂದು ಜೋಡಿ ಎದುರು ಬಾಹು ಸಮ. ಒಂದು ಜೋಡಿ ಎದುರು ಕೋನ ಸಮ. ಸಮಾಂತರ ಚತುರ್ಭುಜ ಆಗಲೇಬೇಕಾ? ನಮ್ಮ ಹಾಸ್ಟೆಲಿನಲ್ಲಿ ಇದಕ್ಕೆ ರಾತ್ರಿಯಿಡೀ ಜಗಳ ಆಗಿದೆ. ಮೇಷ್ಟ್ರು ಉತ್ತರ ಹೇಳಬಾರದು.

ಎರಡಂಕ

ಆಗಬೇಕು. ಕರ್ಣ ಎಳೆಯಿರಿ, ಎರಡು ತ್ರಿಭುಜ. ಒಂದು ಬಾಹು ಸಮ, ಕರ್ಣ ಎರಡಕ್ಕೂ ಒಂದೇ, ಕೋನ ಸಮ. ಸರ್ವಸಮ. ಮುಗಿಯಿತು.

ಸುರತ್ಕಲ್_ಹಾಸ್ಟೆಲ್

ಆ ಕೋನ ಎಲ್ಲಿ ಉಂಟು ಅಂತ ನೋಡಿ. ಬಾಹು ಮತ್ತು ಕರ್ಣದ ನಡುವೆ ಇಲ್ಲ. ಬಾಕೋಬಾ (ಬಾಹು-ಕೋನ-ಬಾಹು) ಆಗುವುದಿಲ್ಲ.

ಕಾಪು_ಅಕ್ಕ

ಮಗಳು ಕತ್ತರಿ ಹಿಡಿದು ಕೂತಿದ್ದಾಳೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಸರಿಯಾ ನೋಡಿ.

ರಟ್ಟಿನಲ್ಲಿ ಒಂದು ಸಮದ್ವಿಬಾಹು ತ್ರಿಭುಜ ಎಬಿಸಿ ಕತ್ತರಿಸಿದಳು. ಎಬಿ, ಎಸಿ ಎರಡೂ 10 ಸೆಂಟಿಮೀಟರ್, ಬಿಸಿ 12. ಬಿಸಿಯ ಮೇಲೆ ಬಿಯಿಂದ 4 ಸೆಂಟಿಮೀಟರಿನಲ್ಲಿ ಡಿ ಗುರುತು. ಎಯಿಂದ ಡಿಗೆ ಕತ್ತರಿಸಿದರೆ ಎರಡು ತುಂಡು. ಎರಡರಲ್ಲೂ 10ರ ಬಾಹು ಉಂಟು, ಪಾದದ ಕೋನ ಸಮ, ಕತ್ತರಿಸಿದ ಅಂಚು ಒಂದೇ ಉದ್ದ. ಈಗ ಒಂದು ತುಂಡನ್ನು ಮಗುಚಿ ತಲೆಕೆಳಗೆ ಮಾಡಿ ಅದೇ ಅಂಚಿಗೆ ಮತ್ತೆ ಅಂಟಿಸಬೇಕು, ಎ ಇದ್ದಲ್ಲಿ ಡಿ, ಡಿ ಇದ್ದಲ್ಲಿ ಎ ಬರುವ ಹಾಗೆ. ಒಂದು ಚತುರ್ಭುಜ ಆಗುತ್ತದೆ. ಬಾಹುಗಳು ಸುತ್ತ 10, 4, 10, 8. ಎದುರು ಬಾಹು 10 ಮತ್ತು 10. ಎದುರು ಕೋನ ಸಮ. ಆದರೆ 4ಕ್ಕೆ ಎದುರು 8. ಸಮಾಂತರ ಚತುರ್ಭುಜ ಅಲ್ಲ.

ಸುರತ್ಕಲ್_ಹಾಸ್ಟೆಲ್

ಪೂರ್ತಿ ಸರಿ ಅಕ್ಕ. ನಮ್ಮಲ್ಲಿ ಇದನ್ನು ಯಾರೂ ರಟ್ಟಿನಲ್ಲಿ ಕತ್ತರಿಸಿ ನೋಡಲಿಲ್ಲ, ಎಲ್ಲರೂ ಬೋರ್ಡಿನಲ್ಲಿ ಸೈನ್ ಸೂತ್ರ ಬರೆದದ್ದೇ.

ಎರಡಂಕ

ಡಿಯನ್ನು ಬಿಯಿಂದ 6ರಲ್ಲಿ, ಸರಿಯಾಗಿ ನಡುವೆ ಇಟ್ಟರೆ?

ಬ್ರಹ್ಮಾವರ_ಮೇಷ್ಟ್ರು

ಆಗ ಎರಡು ತುಂಡೂ ಸರ್ವಸಮ. 10, 6, 10, 6 ಬರುತ್ತದೆ, ಸಮಾಂತರ ಚತುರ್ಭುಜ. ನೀವು ಸಾಧನೆ ಬರೆಯುವಾಗ ಮನಸ್ಸಿನಲ್ಲಿ ಇಟ್ಟುಕೊಂಡದ್ದು ಈ ಒಂದೇ ಚಿತ್ರ. ಡಿಯನ್ನು ಅಲ್ಲಿಂದ ಒಂದು ಕೂದಲೆಳೆ ಆಚೆ ಸರಿಸಿದರೂ ಸಾಧನೆ ಬೀಳುತ್ತದೆ. ಮೇಡಂ, ಮಗಳು ಆ ರಟ್ಟನ್ನು ನೋಟ್‌ಬುಕ್ಕಿನಲ್ಲಿ ಅಂಟಿಸಿ, ಪಕ್ಕದಲ್ಲಿ ಯಾವ ಎರಡು ಕೋನ ಸಮ ಅಂತ ಗುರುತು ಹಾಕಿಡಲಿ.